ನೋವು ಬೆರಳಲ್ಲಿ, ಕೆಲಸ ಮುಂಗೈಯಲ್ಲಿ: ಕೈ ನೀವುವ ಕ್ರಮ

ಒಂದು ಕೈಯಲ್ಲಿ ಮುಷ್ಟಿ ಕಟ್ಟಿ ಬಿಚ್ಚುತ್ತಿರಿ. ಇನ್ನೊಂದು ಕೈಯಿಂದ ಅದೇ ತೋಳನ್ನು ಮೊಣಕೈಯ ಸ್ವಲ್ಪ ಕೆಳಗೆ ಹಿಡಿದು ನೋಡಿ. ಮಾಂಸ ಉಬ್ಬಿ ಇಳಿಯುವುದು ಅಲ್ಲಿ. ಬೆರಳುಗಳೊಳಗೆ ಮೂಳೆ, ಕೀಲು, ಸ್ನಾಯುರಜ್ಜು, ನರ, ರಕ್ತನಾಳ ಇವೆ. ಆದರೆ ಬೆರಳನ್ನು ಬಲವಾಗಿ ಮಡಚುವ, ಬಿಚ್ಚುವ ಸ್ನಾಯುಗಳು ಮುಂಗೈಯಲ್ಲಿ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗದಲ್ಲಿವೆ. ಅಲ್ಲಿಂದ ಉದ್ದನೆಯ ರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳ ತುದಿಯವರೆಗೆ ಹೋಗುತ್ತವೆ. ಹಾಗಾಗಿ ಬೆರಳು ಸೋತಿದೆ ಎಂದು ಬೆರಳನ್ನೇ ಎಳೆದು ತಿಕ್ಕಿದರೆ ಸಿಗುವ ಆರಾಮ ಅರ್ಧ ಗಂಟೆಯದು. ಒಂದು ಕೈಗೆ 15 ನಿಮಿಷ ಇಟ್ಟುಕೊಂಡಿದ್ದರೆ 8 ನಿಮಿಷ ಮುಂಗೈಗೆ ಕೊಡಿ. ಮಣಿಕಟ್ಟಿಗೆ 2 ನಿಮಿಷ, ಅಂಗೈ ಮತ್ತು ಬೆರಳುಗಳಿಗೆ ಉಳಿದದ್ದು ಸಾಕು.

ಮುಂಗೈಗೆ ಎರಡು ಮೈ. ಅಂಗೈ ಕಡೆಯದು ಒಳಮೈ. ಬೆರಳು ಮಡಚುವ ಸ್ನಾಯುಗಳು ಅಲ್ಲಿವೆ, ಮೇಲ್ಪದರದವು ಮೊಣಕೈಯ ಒಳಗಡೆಯ ಮೂಳೆಗುಬುಟಿನಿಂದ ಹೊರಡುತ್ತವೆ. ಹಿಂಗೈ ಕಡೆಯದು ಹೊರಮೈ. ಬೆರಳು ಬಿಚ್ಚುವ, ಮಣಿಕಟ್ಟು ಎತ್ತುವ ಸ್ನಾಯುಗಳು ಮೊಣಕೈಯ ಹೊರಗಡೆಯ ಗುಬುಟಿನಿಂದ ಹೊರಟು ಆ ಮೈಯಲ್ಲಿ ಇಳಿಯುತ್ತವೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರು, ಹಾಲು ಕರೆಯುವವರು, ಕತ್ತರಿ ಹಿಡಿಯುವ ದರ್ಜಿಗಳು ತಮ್ಮದು ಹಿಡಿತದ ಕೆಲಸ, ಒಳಮೈ ಮಾತ್ರ ದಣಿದಿರಬೇಕು ಎಂದುಕೊಳ್ಳುತ್ತಾರೆ. ಹೊರಮೈ ಒತ್ತಿದಾಗಲೇ ಅವರು ಹಲ್ಲು ಕಚ್ಚುವುದು. ಗಟ್ಟಿಯಾಗಿ ಏನನ್ನಾದರೂ ಹಿಡಿದಾಗ ಮಣಿಕಟ್ಟು ಒಳಕ್ಕೆ ಕುಸಿಯದಂತೆ ಹೊರಮೈ ಸ್ನಾಯುಗಳು ಬಿಗಿದು ನಿಂತಿರುತ್ತವೆ. ಮೌಸ್ ಹಿಡಿದು ದಿನವಿಡೀ ಕೂರುವವರಲ್ಲೂ ಅಷ್ಟೆ, ಬೆರಳು ಎತ್ತಿ ಹಿಡಿಯುವ ಕೆಲಸ ಹೊರಮೈಯದು. ಯಾರ ಕೈಯಾದರೂ ಎರಡೂ ಮೈ ಮಾಡಿ.

ಮುಟ್ಟುವ ಮುಂಚೆ

ಕೈ ಊರಿ ಬಿದ್ದು ಮಣಿಕಟ್ಟು ನೋಯುತ್ತಿದ್ದರೆ ನೀವಬೇಡಿ, ಎಳೆಯಬೇಡಿ. ನಮ್ಮಲ್ಲಿ ಇದನ್ನು 'ಉಳುಕು' ಎಂದು ಎಣ್ಣೆ ಹಚ್ಚಿ ತೆಗೆಸುವ ರೂಢಿ ಇದೆ. ಹಾಗೆ ಬಿದ್ದಾಗ ಹೆಬ್ಬೆರಳ ಬುಡದ ಪುಟ್ಟ ಮಣಿಕಟ್ಟು ಮೂಳೆಯೊಂದು ಮುರಿಯುವುದುಂಟು. ಊತ ಹೆಚ್ಚಿರುವುದಿಲ್ಲ, ಮೊದಲ ಎಕ್ಸ್‌ರೇಯಲ್ಲೂ ಕೆಲವೊಮ್ಮೆ ಕಾಣುವುದಿಲ್ಲ. ಆ ಮೂಳೆಗೆ ರಕ್ತ ಪೂರೈಕೆ ಕಡಿಮೆ, ಅಲುಗಾಡಿಸಿದರೆ ಕೂಡಿಕೊಳ್ಳದೇ ಉಳಿಯಬಹುದು. ಹೆಬ್ಬೆರಳನ್ನು ಮೇಲಕ್ಕೆ ಸೆಟೆದಾಗ ಅದರ ಬುಡದಲ್ಲಿ, ಎರಡು ರಜ್ಜುಗಳ ನಡುವೆ ಒಂದು ಕುಳಿ ಮೂಡುತ್ತದೆ. ಬಿದ್ದವರಿಗೆ ಆ ಕುಳಿಯಲ್ಲಿ ಒತ್ತಿದರೆ ನೋವಾಗುತ್ತಿದ್ದರೆ ಸೀದಾ ಮೂಳೆ ವೈದ್ಯರ ಬಳಿ ಹೋಗಬೇಕು.

ಡಯಾಲಿಸಿಸ್‌ಗಾಗಿ ಫಿಸ್ಟುಲಾ (ಎರಡು ರಕ್ತನಾಳಗಳ ಜೋಡಣೆ) ಮಾಡಿಸಿಕೊಂಡ ಕೈಯನ್ನು ಯಾವ ಕಾರಣಕ್ಕೂ ಒತ್ತಬಾರದು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳ ಗ್ರಂಥಿ ತೆಗೆಸಿದವರಿಗೆ ಆ ಬದಿಯ ಕೈಗೆ ಗಟ್ಟಿ ಒತ್ತಡ ಬೇಡ. ಅದಕ್ಕೆ ತರಬೇತಿ ಪಡೆದವರೇ ಬೇರೆ ಇದ್ದಾರೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಮೇಲುಮೇಲೆ ಸವರಿದರೆ ಸಾಕು, ಆಳಕ್ಕೆ ಹೋದರೆ ಕಪ್ಪುಗಟ್ಟುತ್ತದೆ. ಸಕ್ಕರೆ ಕಾಯಿಲೆಯಿಂದ ಕೈ ಜೋಮು ಹಿಡಿದವರಿಗೆ ನೋವೇ ಗೊತ್ತಾಗುವುದಿಲ್ಲ, ಅವರ 'ಇನ್ನೂ ಒತ್ತಿ' ಎಂಬ ಮಾತು ನಂಬಬೇಡಿ. ಕೆಂಪಾಗಿ ಬಿಸಿಯಾದ ಕೀಲು, ಗಾಯ, ಹುಣ್ಣು, ಕಜ್ಜಿ, ಜ್ವರ ಇದ್ದರೂ ಬಿಡಿ. ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು; ಅಥವಾ ಒಂದು ಕೈ ಇದ್ದಕ್ಕಿದ್ದಂತೆ ಸೋತು ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು ಕಂಡರೆ ಎಣ್ಣೆ ಬಟ್ಟಲು ಬದಿಗಿಟ್ಟು ಆಸ್ಪತ್ರೆಗೆ ಹೊರಡಿ.

ಕೂರುವ ಬಗೆ, ಎಣ್ಣೆಯ ಲೆಕ್ಕ

ಮೇಜಿನ ಮೂಲೆ ಒಳ್ಳೆಯ ಜಾಗ. ಒಬ್ಬರು ಈ ಬದಿ, ಇನ್ನೊಬ್ಬರು ಆ ಬದಿ ಕೂತರೆ ಕೈ ಇಬ್ಬರ ನಡುವೆ ಸಹಜವಾಗಿ ಬರುತ್ತದೆ. ಕೆಳಗೆ ಮಡಚಿದ ಟವೆಲ್ ಹಾಸಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಪೂರ್ತಿ ಊರಿರಲಿ. ಮಣಿಕಟ್ಟು ಅಂಚಿನಾಚೆ ಜೋತರೆ ಸ್ನಾಯು ಸಡಿಲವಾಗುವುದಿಲ್ಲ. ಮೇಜು ನಿಮ್ಮ ಮೊಣಕೈಗಿಂತ ನಾಲ್ಕು ಬೆರಳಷ್ಟು ಕೆಳಗಿದ್ದರೆ ಮೈ ಮುಂದಕ್ಕೆ ವಾಲಿಸಿ ಒತ್ತಬಹುದು. ಕೆಲವರು ಸಹಾಯ ಮಾಡುವವರಂತೆ ಕೈಯನ್ನು ತಾವೇ ಎತ್ತಿ ಹಿಡಿದಿರುತ್ತಾರೆ. ಮಣಿಕಟ್ಟನ್ನು ಎರಡು ಅಂಗುಲ ಎತ್ತಿ ಬಿಟ್ಟುನೋಡಿ, ದೊಪ್ಪನೆ ಬಿದ್ದರೆ ಸಡಿಲವಾಗಿದೆ ಎಂದರ್ಥ. ಗಾಳಿಯಲ್ಲೇ ನಿಂತರೆ ಇನ್ನೊಂದು ನಿಮಿಷ ಮಾತಾಡಿಸಿ.

ಉಂಗುರ, ವಾಚು, ಮಣಿಕಟ್ಟಿನ ದಾರ ತೆಗೆಸಿ. ಗಾಜಿನ ಬಳೆ ತೆಗೆಯಲು ಒಪ್ಪದವರಿಗೆ ಮುಂಗೈ ಮಾಡುವಾಗ ಬಳೆಗಳನ್ನು ಮಣಿಕಟ್ಟಿಗೂ, ಮಣಿಕಟ್ಟು ಮಾಡುವಾಗ ಮೇಲಕ್ಕೂ ಸರಿಸಿ ಕರವಸ್ತ್ರ ಸುತ್ತಿಬಿಡಿ. ನಿಮ್ಮ ಉಗುರು ಬೆರಳ ತುದಿಗಿಂತ ಹೊರಗೆ ಬಂದಿರಬಾರದು.

ಒಂದು ಮುಂಗೈ ಮತ್ತು ಅಂಗೈಗೆ ಒಂದು ಟೀ ಚಮಚ ಎಣ್ಣೆ ಧಾರಾಳ. ಮೊದಲು ಅರ್ಧ ಚಮಚ ಮುಂಗೈಗೆ ಮಾತ್ರ ಹಚ್ಚಿ. ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಯಾವುದಾದರೂ ಆಗುತ್ತದೆ, ಬಟ್ಟಲನ್ನು ಬಿಸಿನೀರಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಿ. ಮಹಾನಾರಾಯಣ ತೈಲವೇ ಬೇಕೆನ್ನುವವರಿದ್ದಾರೆ, ಇದ್ದರೆ ಬಳಸಿ. ಆದರೆ ಫಲಿತಾಂಶದ ಹೆಚ್ಚಿನ ಪಾಲು ಬರುವುದು ಕೈ ಚಲಿಸುವ ವೇಗದಿಂದ, ಎಣ್ಣೆಯ ಹೆಸರಿನಿಂದಲ್ಲ. ಉರಿ ಬರಿಸುವ ಬಾಮ್ ಹಚ್ಚಿದ ಮೇಲೆ ಬಿಸಿ ಶಾಖ ಕೊಡಬಾರದು, ಚರ್ಮ ಸುಟ್ಟೀತು. ಶಾಖ ಬೇಕಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಮೊದಲೇ 5 ನಿಮಿಷ ಸುತ್ತಿಡಿ.

ಮುಂಗೈ

ಅಂಗೈ ಮೇಲ್ಮುಖವಾಗಿರಲಿ. ನಿಮ್ಮ ಹಸ್ತವನ್ನು ಪೂರ್ತಿ ಅಂಟಿಸಿ ಮಣಿಕಟ್ಟಿನಿಂದ ಮೊಣಕೈಯ ತನಕ ನೀವಿ, ಒತ್ತಡವಿಲ್ಲದೆ ಹಿಂದಕ್ಕೆ ಜಾರಿ. ರಕ್ತ ಹೃದಯದ ಕಡೆ ಮರಳುವ ದಿಕ್ಕು ಅದು, ಅದಕ್ಕೇ ಒತ್ತಡ ಮೇಲಕ್ಕೆ ಹೋಗುವಾಗ ಮಾತ್ರ. ಆರು ಸಲ ಸಾಕು. ಕೈ ತಿರುಗಿಸಿ ಹೊರಮೈಗೂ ಹೀಗೇ ಮಾಡಿ. ಚರ್ಮ ಬೆಚ್ಚಗಾಗಿ ಮಾಂಸ ಮೃದುವಾಗುವ ಮುಂಚೆ ಆಳಕ್ಕೆ ಇಳಿದರೆ ಸ್ನಾಯು ಬಿಗಿದುಕೊಂಡು ನಿಮ್ಮ ಬೆರಳನ್ನೇ ಹೊರದೂಡುತ್ತದೆ.

ಮುಂದಿನದು ಹಿಸುಕುವುದು. ಎರಡೂ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ ಬರುವಂತೆ ಮುಂಗೈಯನ್ನು ಹಿಡಿಯಿರಿ. ಚಪಾತಿ ಹಿಟ್ಟು ನಾದುವಂತೆ ಮಾಂಸವನ್ನು ಮೂಳೆಯಿಂದ ತುಸು ಎತ್ತಿ ಹಿಂಡಿ, ಬಿಡಿ. ಎರಡು ಬೆರಳಗಲ ಮೇಲೆ ಸರಿಯಿರಿ. ಮಣಿಕಟ್ಟಿನಿಂದ ಮೊಣಕೈಗೆ ಮೂರು ಸುತ್ತು. ಚರ್ಮವನ್ನಷ್ಟೇ ಚಿವುಟಿದರೆ ಉರಿಯುತ್ತದೆ, ಹಿಡಿತ ತುಂಬ ಇರಬೇಕು.

ನಿಜವಾದ ಕೆಲಸ ಇನ್ನು ಮುಂದೆ. ಒಳಮೈಯಲ್ಲಿ ಮೂರು ಗೆರೆಗಳನ್ನು ಊಹಿಸಿಕೊಳ್ಳಿ: ಕಿರುಬೆರಳ ಬದಿ, ನಡುವೆ, ಹೆಬ್ಬೆರಳ ಬದಿ. ಮಣಿಕಟ್ಟಿನ ಗೆರೆಗಿಂತ ಮೂರು ಬೆರಳಗಲ ಮೇಲಿಂದ ಹೆಬ್ಬೆರಳನ್ನೂರಿ ಮೆಲ್ಲಗೆ ಮೊಣಕೈ ಕಡೆ ಜಾರಿಸಿ. ಒಂದು ಗೆರೆಗೆ 8ರಿಂದ 10 ಸೆಕೆಂಡು ಹಿಡಿಯಬೇಕು. ಬಹುತೇಕರು ಇದನ್ನು ಮೂರು ಸೆಕೆಂಡಿನಲ್ಲಿ ಮುಗಿಸಿ, ಏನೂ ಆಗಲಿಲ್ಲವೆಂದು ಇನ್ನೂ ಜೋರಾಗಿ ಒತ್ತುತ್ತಾರೆ. ನಿಧಾನವಾಗಿ ಹೋದರೆ ಬೆರಳಡಿ ಹುರಿಗಟ್ಟಿದ ಎಳೆ, ಗಂಟಿನಂಥ ಜಾಗ ತಾನಾಗಿ ಸಿಗುತ್ತದೆ. ಪ್ರತಿ ಗೆರೆ ಮೂರು ಸಲ. ಮೊಣಕೈ ಮಡಿಕೆಯ ತಗ್ಗಿಗೆ ಎರಡು ಬೆರಳು ಮೊದಲೇ ನಿಲ್ಲಿ, ಅಲ್ಲಿ ದೊಡ್ಡ ರಕ್ತನಾಳವೂ ನರವೂ ಚರ್ಮದ ಹತ್ತಿರ ಇವೆ. ಒಳಗುಬುಟಿನ ಹಿಂದಿನ ಸಂದೂ ಬೇಡ. ಮೊಣಕೈ ತಗುಲಿದಾಗ ಕಿರುಬೆರಳಿನವರೆಗೆ 'ಝುಂ' ಎನ್ನಿಸುವ ನರ ಹಾಯುವುದು ಅಲ್ಲೇ.

ಒತ್ತಡ ಎಷ್ಟು? ಸೊನ್ನೆಯಿಂದ 10ರ ತನಕ ಅಳೆಯಲು ಹೇಳಿ, 5ರ ಆಸುಪಾಸಿನಲ್ಲಿರಲಿ. 'ನೋವು, ಆದರೆ ಹಿತ' ಎನ್ನುವ ಹಂತ ಅದು. ಉಸಿರು ಬಿಗಿಹಿಡಿದರೆ, ಇನ್ನೊಂದು ಕೈ ಮುಷ್ಟಿ ಕಟ್ಟಿದರೆ ಅವರು ಬಾಯಲ್ಲಿ ಏನೇ ಹೇಳಲಿ, ಮಿತಿ ದಾಟಿದ್ದೀರಿ.

ಈಗ ಕೈ ಮಗುಚಿ ಹೊರಮೈಗೆ ಬನ್ನಿ. ಹೊರಗುಬುಟಿನಿಂದ ಮೂರು ನಾಲ್ಕು ಬೆರಳಗಲ ಕೆಳಗೆ ಬೆರಳಿಟ್ಟು, ಮಣಿಕಟ್ಟನ್ನು ಸ್ವಲ್ಪ ಎತ್ತಲು ಹೇಳಿ. ಬೆರಳಡಿ ಗಟ್ಟಿಯಾಗುವ ಆ ದಿಂಡೇ ಬಹಳ ಮಂದಿಯ ಕೈಯಲ್ಲಿ ಅತಿ ನೋವಿನ ತಾಣ. ಮೊದಲು ಮಣಿಕಟ್ಟಿನಿಂದ ಮೇಲಕ್ಕೆ ಮೂರು ಗೆರೆ ಜಾರಿಸಿ, ಆಮೇಲೆ ಈ ದಿಂಡಿನ ಮೇಲೆ ಹೆಬ್ಬೆರಳೂರಿ ಅಲುಗಾಡದೆ 20ರಿಂದ 30 ಸೆಕೆಂಡು ನಿಲ್ಲಿ. ನೋವು 5ರಿಂದ 3ಕ್ಕೆ ಇಳಿಯಿತೆಂದರೆ ಜಾಗ ಸರಿ. ಇಳಿಯದೆ ಏರುತ್ತಿದ್ದರೆ ಬಿಟ್ಟು ಪಕ್ಕಕ್ಕೆ ಹೋಗಿ, ಅಲ್ಲೇ ಕೂತು ಹಟ ಮಾಡಬೇಡಿ. ಬೆರಳಿಗೆ ಜುಮ್ಮೆಂದು ವಿದ್ಯುತ್ ಹರಿದಂತಾದರೆ ನರದ ಮೇಲಿದ್ದೀರಿ, ತಕ್ಷಣ ಒಂದು ಬೆರಳು ಸರಿಯಿರಿ.

ಬಿಗಿತ ಹಳೆಯದಾದರೆ ಸುಮ್ಮನೆ ಒತ್ತುವುದಕ್ಕಿಂತ ಒತ್ತಿಹಿಡಿದು ಹಿಗ್ಗಿಸುವುದು ಮೇಲು. ಹೊರಮೈಯ ದಿಂಡನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಮಣಿಕಟ್ಟನ್ನು ಮೆಲ್ಲಗೆ ಕೆಳಕ್ಕೆ ಬಗ್ಗಿಸಲು ಹೇಳಿ. ಸ್ನಾಯು ನಿಮ್ಮ ಬೆರಳಡಿ ಜಗ್ಗಿದ್ದು ತಿಳಿಯುತ್ತದೆ. ಮಣಿಕಟ್ಟು ಮರಳಿದಾಗ ಒತ್ತಡ ಸಡಿಲಿಸಿ, ಅರ್ಧ ಅಂಗುಲ ಸರಿದು ಮತ್ತೆ ಮಾಡಿ. ಹೀಗೆ ಐದು ಜಾಗ. ಒಳಮೈಗಾದರೆ ಒತ್ತಿಹಿಡಿದಾಗ ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಬೇಕು. ಇದಕ್ಕೆ ಎಣ್ಣೆ ಅಡ್ಡಿ, ಬೆರಳು ಜಾರಿದರೆ ಆ ಜಾಗವನ್ನು ಬಟ್ಟೆಯಿಂದ ಒರೆಸಿಕೊಳ್ಳಿ.

ಹೆಬ್ಬೆರಳ ಬದಿಯಲ್ಲಿ ಮೊಣಕೈಯ ಮೇಲಿಂದ ಇಳಿಯುವ ಒಂದು ಉದ್ದ ಸ್ನಾಯು ಉಳಿಯಿತು. ಹೆಬ್ಬೆರಳು ಮೇಲೆ ಬರುವಂತೆ ಕೈ ನಿಲ್ಲಿಸಿ, ನೀವು ತಡೆಯುತ್ತಿರುವಾಗ ಅವರು ಮೊಣಕೈ ಮಡಚಲು ನೋಡಿದರೆ ಅದು ಹಗ್ಗದಂತೆ ಎದ್ದು ನಿಲ್ಲುತ್ತದೆ. ಸಡಿಲಿಸಿದ ಮೇಲೆ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಅದನ್ನೇ ಎತ್ತಿ ಹಿಡಿದು ಹಿಸುಕುತ್ತ ಇಳಿಯಿರಿ. ಸ್ಕ್ರೂ ಡ್ರೈವರ್, ಸುತ್ತಿಗೆ ಹಿಡಿಯುವವರಿಗೆ ಇದನ್ನು ಬಿಟ್ಟರೆ ಕೆಲಸ ಅರ್ಧವೇ ಆದಂತೆ.

ಮಣಿಕಟ್ಟು

ಇಲ್ಲಿ ಕೈ ಹಗುರಾಗಬೇಕು. ಮಣಿಕಟ್ಟಿನ ಒಳಬದಿಯ ಇಕ್ಕಟ್ಟಾದ ಸುರಂಗದಲ್ಲಿ 9 ರಜ್ಜುಗಳು ಮತ್ತು ಒಂದು ನರ ಒತ್ತೊತ್ತಾಗಿ ಹೋಗುತ್ತವೆ. ಹಿಸುಕಿ ಸಡಿಲಗೊಳಿಸಲು ಅಲ್ಲಿ ಮಾಂಸವೇ ಇಲ್ಲ, ನಡುವೆ ಹೆಬ್ಬೆರಳೂರಿ ಗುದ್ದಿದರೆ ನರಕ್ಕೇ ಪೆಟ್ಟು.

ಹಿಂಗೈ ಮೇಲೆ ಮಾಡಿ ಎರಡೂ ಹೆಬ್ಬೆರಳಿಂದ ಮಣಿಕಟ್ಟಿನ ಅಗಲಕ್ಕೂ ಕಡಲೆಕಾಳಿನಷ್ಟು ಪುಟ್ಟ ವೃತ್ತ ಬಿಡಿಸುತ್ತ ಬನ್ನಿ. 8 ಚಿಕ್ಕ ಮೂಳೆಗಳ ಸಂದುಗಳು ಬೆರಳಿಗೆ ತಾಗುತ್ತವೆ. ಬಳಿಕ ಕೈಕುಲುಕುವಂತೆ ಹಿಡಿದು, ಇನ್ನೊಂದು ಕೈಯಿಂದ ಮುಂಗೈಯನ್ನು ನಿಲ್ಲಿಸಿ, ಮೆಲ್ಲಗೆ 10 ಸೆಕೆಂಡು ಎಳೆಯಿರಿ, ಮೂರು ಸಲ. ಜಗ್ಗಿ ಕಟಕ್ಕೆನಿಸುವುದು ಬೇಡ. ಅಂಗೈ ಮೇಲೆ ಮಾಡಿ, ಅಂಗೈ ಬುಡದ ಎರಡು ದಿಬ್ಬಗಳ ಮೇಲೆ ನಿಮ್ಮ ಹೆಬ್ಬೆರಳುಗಳನ್ನಿಟ್ಟು, ಬೆರಳುಗಳನ್ನು ಹಿಂಗೈಗೆ ಆನಿಸಿ, ದಿಬ್ಬಗಳನ್ನು ಒಂದಕ್ಕೊಂದು ದೂರ ಸರಿಸಿ. ಒತ್ತಡ ಬದಿಗೆ ಹೋಗಬೇಕು, ಕೆಳಕ್ಕಲ್ಲ. ಐದಾರು ಸಲ ಮಾಡಿದರೆ ಅಂಗೈ ಅರಳಿದಂತಾಗುತ್ತದೆ.

ಅಂಗೈ, ಹಿಂಗೈ, ಬೆರಳು

ಉಳಿದ ಎಣ್ಣೆಯಲ್ಲಿ ಸ್ವಲ್ಪ ಇಲ್ಲಿಗೆ. ಅಂಗೈಯನ್ನು ತೆರೆದಿಡುವ ಹಿಡಿತವೊಂದಿದೆ, ಕಲಿತರೆ ಎರಡೂ ಹೆಬ್ಬೆರಳು ಬಿಡುವಾಗುತ್ತವೆ. ಅಂಗೈ ಮೇಲಿರುವಾಗ ನಿಮ್ಮ ಒಂದು ಕೈಯ ಕಿರುಬೆರಳನ್ನು ಅವರ ಹೆಬ್ಬೆರಳು ಮತ್ತು ತೋರುಬೆರಳ ನಡುವೆ, ಇನ್ನೊಂದು ಕೈಯ ಕಿರುಬೆರಳನ್ನು ಅವರ ಉಂಗುರಬೆರಳು ಮತ್ತು ಕಿರುಬೆರಳ ನಡುವೆ ತೂರಿಸಿ. ಮಿಕ್ಕ ಬೆರಳು ಹಿಂಗೈಯನ್ನು ಕೆಳಗಿಂದ ಹೊತ್ತಿರಲಿ. ಈಗ ಹೆಬ್ಬೆರಳುಗಳನ್ನು ಒಂದಾದಮೇಲೊಂದರಂತೆ ಅಂಗೈ ನಡುವಿನಿಂದ ಅಂಚಿಗೆ ಜಾರಿಸಿ. ಹೆಬ್ಬೆರಳ ಬುಡದ ದಿಬ್ಬಕ್ಕೆ ಒಂದು ನಿಮಿಷ ಹೆಚ್ಚು ಕೊಡಿ. ಮೊಬೈಲ್‌ನಲ್ಲಿ ಹೆಬ್ಬೆರಳಿಂದಲೇ ಟೈಪ್ ಮಾಡುವವರಿಗೆ ಅದು ಕಲ್ಲಾಗಿರುತ್ತದೆ.

ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮಾಂಸದ ಪಟ್ಟಿಯನ್ನು ಚಿಮುಟದಂತೆ ಹಿಡಿದು 20 ಸೆಕೆಂಡು ನಿಲ್ಲಿ. ಗರ್ಭಿಣಿಯರಲ್ಲಿ ಈ ಜಾಗ ಒತ್ತಬಾರದೆಂದು ಆಕ್ಯುಪ್ರೆಶರ್ ಮಾಡುವವರು ಹೇಳುತ್ತಾರೆ. ಬಿಟ್ಟರೆ ನಷ್ಟವೇನಿಲ್ಲ, ಬಿಡಿ. ಹಿಂಗೈಯಲ್ಲಿ ಗೆಣ್ಣುಗಳ ನಡುವಿನ ನಾಲ್ಕು ಸಂದುಗಳಲ್ಲಿ ಹೆಬ್ಬೆರಳ ತುದಿಯಿಂದ ಮಣಿಕಟ್ಟಿನ ಕಡೆಗೆ ಮೆಲ್ಲಗೆ ಗೆರೆ ಎಳೆಯಿರಿ. ಬೆರಳುಗಳನ್ನು ಬುಡದಿಂದ ತುದಿಗೆ ತಿರುಚುತ್ತ ಹಿಸುಕಿದರೆ ಮುಗಿಯಿತು. ಊದಿಕೊಂಡ ಬೆರಳಾದರೆ ತುದಿಯಿಂದ ಬುಡಕ್ಕೆ.

ನೆಟಿಗೆ ಮುರಿಯುವ ಆಸೆ ಎಲ್ಲರಿಗೂ ಇರುತ್ತದೆ. ಆ ಸದ್ದು ಕೀಲಿನ ದ್ರವದಲ್ಲಿನ ಅನಿಲದ್ದು, ಅದರಿಂದ ಸಂಧಿವಾತ ಬರುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ಆದರೂ ಇನ್ನೊಬ್ಬರ ಬೆರಳನ್ನು ಜಗ್ಗಿ ಮುರಿಯಬೇಡಿ, ಎಷ್ಟು ಜಗ್ಗಬಹುದೆಂಬುದು ನಿಮ್ಮ ಕೈಗೆ ತಿಳಿಯುವುದಿಲ್ಲ.

ಕೊನೆಗೆ ಬೆರಳ ತುದಿಯಿಂದ ಮೊಣಕೈವರೆಗೆ ಉದ್ದಕ್ಕೂ ನಾಲ್ಕು ಸಲ ನೀವಿ, ಟವೆಲಿನಿಂದ ಎಣ್ಣೆ ಒರೆಸಿ. ಬೈಕಿನಲ್ಲಿ ಮರಳುವವರಾದರೆ ಅಂಗೈಯನ್ನು ಸೋಪಿನಿಂದಲೇ ತೊಳೆಸಿ, ಬ್ರೇಕ್ ಹಿಡಿಯುವ ಕೈ ಜಾರಬಾರದು.

ತಪ್ಪುವುದೆಲ್ಲಿ

ಎಣ್ಣೆ ಹೆಚ್ಚಾಗುವುದು ಮೊದಲನೆಯದು. ಬೆರಳು ಜಾರುತ್ತದೆ, ಮಾಂಸ ಹಿಡಿತಕ್ಕೆ ಸಿಗುವುದಿಲ್ಲ, ಆಗ ಬಲ ಹಾಕುತ್ತೀರಿ. ಕೂದಲು ದಟ್ಟವಾಗಿರುವ ಕೈಗೆ ಮಾತ್ರ ಸ್ವಲ್ಪ ಜಾಸ್ತಿ ಬೇಕು, ಇಲ್ಲದಿದ್ದರೆ ಮರುದಿನ ಕೂದಲ ಬುಡದಲ್ಲಿ ಕೆಂಪು ಗುಳ್ಳೆಗಳೇಳುತ್ತವೆ.

ಇನ್ನೊಂದು, ನೀವುವವರ ಹೆಬ್ಬೆರಳೇ ಹೋಗುವುದು. ಹೆಬ್ಬೆರಳನ್ನು ಹಿಂದಕ್ಕೆ ಬಾಗಿಸಿ ಅದರ ತುದಿಯಿಂದ ಒತ್ತಿದರೆ ಹತ್ತು ನಿಮಿಷಕ್ಕೇ ಬುಡದ ಕೀಲು ನೋಯುತ್ತದೆ. ಹೆಬ್ಬೆರಳು, ಮಣಿಕಟ್ಟು, ಮುಂಗೈ ಒಂದೇ ಸಾಲಿನಲ್ಲಿರಲಿ, ಒತ್ತಡ ಭುಜದಿಂದ ಬರಲಿ. ಒಂದು ಹೆಬ್ಬೆರಳ ಮೇಲೆ ಇನ್ನೊಂದನ್ನಿಟ್ಟು ಒತ್ತಬಹುದು. ಉದ್ದ ಗೆರೆಗಳಿಗೆ ಸಡಿಲ ಮುಷ್ಟಿಯ ಗೆಣ್ಣುಗಳ ಚಪ್ಪಟೆ ಭಾಗ ಇನ್ನೂ ಒಳ್ಳೆಯದು, ದಪ್ಪ ಕೈಯವರಿಗೆ ಅದಿಲ್ಲದೆ ಆಗುವುದೇ ಇಲ್ಲ.

ಮರುದಿನ ಮೈಕೈ ನೋವಿನಂಥ ಸಣ್ಣ ನೋವು ಇದ್ದರೆ ಒಂದೆರಡು ದಿನದಲ್ಲಿ ಹೋಗುತ್ತದೆ. ನೀಲಿಗಟ್ಟಿದರೆ ಒತ್ತಡ ಜಾಸ್ತಿಯಾಗಿತ್ತು. ಕಲೆ ಮಾಯುವ ತನಕ ಆ ಜಾಗ ಮುಟ್ಟಬೇಡಿ.

ಮೂರು ನೋವುಗಳಿಗೆ ಬೇರೆ ಲೆಕ್ಕ

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿದರೆ ಸರಿಯಾಗುತ್ತಿದ್ದರೆ ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಕೊಂಡಿರುವ ಸಾಧ್ಯತೆ ಹೆಚ್ಚು. ಗರ್ಭಿಣಿಯರು, ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಸಾಮಾನ್ಯ. ಮುಂಗೈ ಒಳಮೈಯನ್ನು ಹದವಾಗಿ ನೀವಿ, ಮಣಿಕಟ್ಟಿನ ನಡುಭಾಗ ಬಿಟ್ಟುಬಿಡಿ. ಮಲಗುವಾಗ ಮಣಿಕಟ್ಟು ನೇರವಾಗಿರುವಂತೆ ಪಟ್ಟಿ ಕಟ್ಟಿಕೊಂಡರೆ ನೀವುವುದಕ್ಕಿಂತ ಹೆಚ್ಚು ಉಪಕಾರ. ಕೈಯಿಂದ ಲೋಟ ಜಾರುತ್ತಿದ್ದರೆ, ಹೆಬ್ಬೆರಳ ದಿಬ್ಬ ಸೊರಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಹೆಬ್ಬೆರಳ ಬದಿಯ ಮಣಿಕಟ್ಟು ನೋವು ಬಾಣಂತಿಯರಲ್ಲಿ ಬಹಳ. ಕೂಸನ್ನು ಕಂಕುಳಡಿ ಹಿಡಿದೆತ್ತುವಾಗ ಹೆಬ್ಬೆರಳು ಅಗಲವಾಗಿ ಚಾಚಿರುತ್ತದೆ, ಅದರ ರಜ್ಜುಗಳು ಉಜ್ಜಿ ಊದಿಕೊಳ್ಳುತ್ತವೆ. ನೋಯುವ ರಜ್ಜುವಿನ ಮೇಲೆಯೇ ತಿಕ್ಕಿದರೆ ಊತ ಹೆಚ್ಚುತ್ತದೆ. ಅದರಿಂದ ನಾಲ್ಕು ಬೆರಳು ಮೇಲಕ್ಕೆ, ಮುಂಗೈ ಹೊರಮೈಯ ಕೆಳಭಾಗದ ಮಾಂಸವನ್ನು ನೀವಿ. ಜೊತೆಗೆ ಒಂದು ಕೈ ಕೂಸಿನ ಕುಂಡೆಯಡಿ, ಒಂದು ಕತ್ತಿನಡಿ ಕೊಟ್ಟು ಎತ್ತುವ ರೂಢಿ ಮಾಡಿಸಿ.

ಮೊಣಕೈ ಹೊರಗುಬುಟು ನೋಯುವವರಿಗೂ ಇದೇ ನಿಯಮ. ಗುಬುಟನ್ನು ಬಿಡಿ, ಕೆಳಗಿನ ದಿಂಡನ್ನು ಹಿಡಿಯಿರಿ. ಬಿಂದಿಗೆ, ಚೀಲ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ, ನೋವಿನ ಸ್ನಾಯುವಿಗೆ ಭಾರ ತಪ್ಪುತ್ತದೆ.

ತನ್ನ ಕೈಗೆ ತಾನೇ

ಒಬ್ಬರೇ ಇದ್ದರೆ ಹೆಬ್ಬೆರಳು ಸವೆಸಬೇಡಿ. ಮುಂಗೈಯನ್ನು ತೊಡೆಯ ಮೇಲೋ ಮೇಜಿನ ಮೇಲೋ ಇಟ್ಟು ಇನ್ನೊಂದು ಕೈಯ ಅಂಗೈ ಬುಡದಿಂದ ಜಾರಿಸಿ. ಹೊರಮೈಗೆ ಟೆನಿಸ್ ಚೆಂಡು ಒಳ್ಳೆಯದು: ಮೇಜಿನ ಮೇಲೆ ಚೆಂಡು, ಅದರ ಮೇಲೆ ಮುಂಗೈ, ಮೇಲಿಂದ ಇನ್ನೊಂದು ಕೈಯ ಭಾರ. ನೋಯುವ ಜಾಗ ಸಿಕ್ಕಾಗ ನಿಂತು ಮುಷ್ಟಿ ಕಟ್ಟಿ ಬಿಚ್ಚಿ. ಲೆದರ್ ಕ್ರಿಕೆಟ್ ಚೆಂಡು ಬೇಡ, ಮೂಳೆಗೆ ತಗಲುತ್ತದೆ. ಚೆಂಡಿಲ್ಲದಿದ್ದರೆ ಅಡುಗೆಮನೆಯ ಲಟ್ಟಣಿಗೆ ಸಾಕು. ಅದನ್ನು ಮೇಜಿನ ಮೇಲಿಟ್ಟು ಒಳಮೈಯನ್ನು ಅದರ ಮೇಲೆ ಹಿಂದೆ ಮುಂದೆ ಉರುಳಿಸಿ, ಮಣಿಕಟ್ಟು ಬರುವಷ್ಟರಲ್ಲಿ ನಿಲ್ಲಿಸಿ.

ದಿನಕ್ಕೆ ಐದು ನಿಮಿಷ ಹೀಗೆ ಮಾಡಿ, ಬಳಿಕ ಮೊಣಕೈ ನೇರವಾಗಿಟ್ಟು ಮಣಿಕಟ್ಟನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬಗ್ಗಿಸಿ 20 ಸೆಕೆಂಡು ಹಿಡಿಯಿರಿ, ಮೂರು ಮೂರು ಸಲ. ಇನ್ನೊಬ್ಬರಿಂದ ಪೂರ್ತಿ 15 ನಿಮಿಷ ಮಾಡಿಸಿಕೊಳ್ಳುವುದಾದರೆ ದಿನ ಬಿಟ್ಟು ದಿನ. ಮೂರು ವಾರವಾದರೂ ಅದೇ ನೋವು ಅದೇ ಜಾಗದಲ್ಲಿದ್ದರೆ ಕುತ್ತಿಗೆಯಿಂದ ಇಳಿಯುವ ನರದ ತೊಂದರೆಯೂ ಇರಬಹುದು. ಫಿಸಿಯೋಥೆರಪಿಸ್ಟ್ ಬಳಿ ಹೋದಾಗ ಕೈಯ ಜೊತೆ ಕುತ್ತಿಗೆಯನ್ನೂ ಪರೀಕ್ಷಿಸಲು ಕೇಳಿ.